ಬಾಣದ ಗುರುತಿನ ಕಲ್ಲು

"ನಿನ್ನ ಕಲ್ಲಿಗೆ ಚೆನ್ನಾಗಿ ಏರಿದೆ ಡಾನಿ," ಎಂದ ತವೀಟಾ, ಪರದೆಯಿಂದ ಕಣ್ಣು ತೆಗೆಯದೆ. "ನೆಟ್ಟಗೆ ನಿಲ್ಲೋಕೇ ಆಗ್ತಿಲ್ಲ ಅದಕ್ಕೆ. ಎಲ್ಲಿ ಕುಡಿಸ್ಕೊಂಡು ಬಂದೆ?"

ಡಾನಿಕಾ ಪ್ರಾಸರ್ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. ತವೀಟಾ ಸಮೋವಾದವನು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಇಂಗಾಲವನ್ನು ತೂಗುವ ಯಂತ್ರ ಅವನ ಸುಪರ್ದಿನಲ್ಲಿತ್ತು. ಯಾರ ಕಲ್ಲು ಬಂದರೂ ಅದಕ್ಕೊಂದು ಗುಣ, ಒಂದು ಚಟ ಅಂಟಿಸದೆ ಅವನಿಗೆ ಸಮಾಧಾನವಿರಲಿಲ್ಲ. ಡಾನಿಕಾ ನಗಲಿಲ್ಲ. ಪರದೆಯ ಮೇಲಿನ ಚುಕ್ಕಿಗಳ ಸಾಲು ಎರಡು ಕಡೆ ತುಂಡಾಗಿತ್ತು.

ಇಂಗಾಲದಲ್ಲಿ ಹಗುರವಾದದ್ದೊಂದು, ತುಸು ಭಾರವಾದದ್ದೊಂದು. ಗಿಡಗಳು ಹಗುರವಾದದ್ದನ್ನೇ ಆರಿಸಿ ತಿನ್ನುತ್ತವೆ. ಗಿಡ ಸತ್ತು ಕಲ್ಲಿದ್ದಲಾದರೂ, ಮಣ್ಣಿನೊಡನೆ ಕಲ್ಲಾದರೂ, ಆ ಎರಡರ ಪ್ರಮಾಣ ಹಾಗೇ ಉಳಿಯುತ್ತದೆ. ಅದನ್ನು ಅಳೆದರೆ ಅಂದಿನ ಗಾಳಿ ಎಂಥದಿತ್ತೆಂದು ಹೇಳಬಹುದು. ಡಾನಿಕಾ ಅಳೆಯುತ್ತಿದ್ದದ್ದು ಈ ಸೀಮೆಯ ಕೊನೆಯ, ಎಲ್ಲಕ್ಕಿಂತ ಮೇಲಿನ, ಕಲ್ಲಿದ್ದಲ ಪದರವನ್ನು ಮತ್ತು ಅದರ ಮೇಲಿನ ಕಲ್ಲನ್ನು. ಇಪ್ಪತ್ತೈದು ಕೋಟಿ ವರ್ಷಗಳ ಹಿಂದೆ ಇಲ್ಲಿ ನಾಲಗೆಯ ಆಕಾರದ ಎಲೆಗಳ ಮರಗಳು ಜೌಗಿನಲ್ಲಿ ನಿಂತಿದ್ದವು. ದೂರದ ಇನ್ನೊಂದು ಖಂಡದಲ್ಲಿ ನೆಲ ಬಿರಿದು ಬೆಂಕಿ ಹರಿಯಿತು. ಅಲ್ಲಿನ ನೆಲದೊಳಗಿದ್ದ ಹಳೆಯ ಇದ್ದಲೂ ಹೊತ್ತಿ ಉರಿಯಿತು. ಹಗುರ ಇಂಗಾಲ ಗಾಳಿಯಲ್ಲಿ ತುಂಬಿತು. ಇಲ್ಲಿನ ಮರಗಳು ಅದನ್ನು ಉಸಿರಾಡಿ ಸತ್ತವು. ಆಮೇಲೆ ಒಂದು ಕೋಟಿ ವರ್ಷ ಭೂಮಿಯ ಮೇಲೆ ಎಲ್ಲೂ ಇದ್ದಲು ಹುಟ್ಟಲಿಲ್ಲ. ಇದ್ದಲಾಗುವಷ್ಟು ಕಾಡೇ ಇರಲಿಲ್ಲ.

ನೆಲದಾಳದ ಕಲ್ಲು ತೆಗೆದು ನೋಡಲು ಕೊರೆದ ಬೋರ್‌ಗಳಲ್ಲಿ, ಅವಳು ಅಳೆದ ಉಳಿದ ಎಲ್ಲದರಲ್ಲೂ ಗೆರೆ ಒಂದೇ ಥರ ನಡೆದಿತ್ತು. ಇದ್ದಲಿನೊಳಗೆ ನೆಟ್ಟಗೆ, ಇದ್ದಲು ಮುಗಿದ ಮೇಲೆ ಮೆಲ್ಲಮೆಲ್ಲಗೆ ಎಡಕ್ಕೆ, ಹಗುರದ ಕಡೆಗೆ. ಸಾಯುವವನ ಉಸಿರಿನ ಹಾಗೆ ಅವಸರವಿಲ್ಲದೆ. ಈ ಬೋರ್‌ನಲ್ಲಿ ಮಾತ್ರ ಇದ್ದಲು ಮುಗಿದ ಕೂಡಲೆ ಗೆರೆ ಎಡಕ್ಕೆ ಹಾರಿತ್ತು, ಮೇಲೆ ಹೋದಂತೆ ವಾಪಸು ಬಲಕ್ಕೆ ಬಂದಿತ್ತು, ಮತ್ತೆ ಎಡಕ್ಕೆ ಹಾರಿತ್ತು.

"ಯಂತ್ರ ಸರಿಯಾಗಿದೆಯಾ?"

"ಯಂತ್ರನ ಅನ್ಬೇಡ. ಎರಡು ಸಲ ಹಾಕಿದೀನಿ. ನನ್ನ ಹೆಂಡ್ತೀನ ಅನ್ನು, ಸಹಿಸ್ಕೋತೀನಿ."

ಡಾನಿಕಾ ಆ ಹಾಳೆಯನ್ನು ಮುದ್ರಿಸಿಕೊಂಡಳು. ಕತ್ತರಿಯಿಂದ ನಡುವಿನ ಭಾಗವನ್ನು ಕತ್ತರಿಸಿ ತೆಗೆದಳು. ಮೇಲಿನ ತುದಿ ಕೆಳಗೆ ಬರುವಂತೆ, ಎಡಬಲ ಬದಲಾಗದಂತೆ, ಕಾಗದವನ್ನು ಮಗುಚಿ ಬೆಳಕಿಗೆ ಹಿಡಿದಳು. ಮುರಿದ ಗೆರೆ ಎರಡೂ ತುದಿಗಳಲ್ಲಿ ಕೂಡಿಕೊಂಡಿತು.

ತವೀಟಾ ಸಿಳ್ಳೆ ಹಾಕಿದ. "ಓಹೋ! ಯಾವನೋ ಮಹಾನುಭಾವ ಕಲ್ಲನ್ನ ಉಲ್ಟಾ ಇಟ್ಟಿದಾನೆ. ಕೊರೆದವನ ಹೆಸರು ಹುಡುಕು ಮೇಟ್. ಕ್ರಿಸ್ಮಸ್‌ಗೆ ಒಂದು ಕನ್ನಡಕ ಕಳಿಸೋಣ."

ಹೆಸರು ಹುಡುಕಬೇಕಿರಲಿಲ್ಲ. ಆ ಬೋರ್ ಕೊರೆದವನು ಎಮ್ಲಿನ್ ಪ್ರಾಸರ್, ಅವಳ ಮಾವ. ಟ್ರೇಯಲ್ಲಿ ಕಲ್ಲು ಜೋಡಿಸುತ್ತಿದ್ದವನು ಅವನ ಮಗ, ಅವಳ ಗಂಡ ರೀಸ್, ಆಗ ಹತ್ತೊಂಬತ್ತರ ಹುಡುಗ. ಡಾನಿಕಾಗೆ ಅವನ ಪರಿಚಯವಾದದ್ದು ಅದಾದ ಐದಾರು ವರ್ಷಕ್ಕೆ.

ರೀಸ್ ಸತ್ತು ಮೂರು ವರ್ಷವಾಗಿತ್ತು. ಮಾರ್ಲೋ ಗ್ಯಾಪ್ ಗಣಿಯ ಒಳಗೆ, ಇದೇ ಬೋರ್ ಇಳಿದಿದ್ದ ಜಾಗದ ಹತ್ತಿರ, ಚಾವಣಿ ಕುಸಿದು ರೀಸ್ ಮತ್ತು ಅವನ ಜೊತೆ ಕೆಲಸದಲ್ಲಿದ್ದ ಡೆಸ್ ಮಹೇರ್ ಇಬ್ಬರೂ ಕೆಳಗೆ ಸಿಕ್ಕಿ ಸತ್ತರು. ವಿಚಾರಣೆ ನಡೆಯಿತು. ಆ ಮೂಲೆಗೆ ಇದ್ದದ್ದು ಅದೊಂದೇ ಬೋರ್. ಅದರ ಪ್ರಕಾರ ಇದ್ದಲಿನ ಮೇಲೆ ಗಟ್ಟಿ ಕಲ್ಲು. ಆ ಬೋರ್‌ನ ಕಲ್ಲಿನಿಂದ ಒಂದು ತುಂಡು ಕಳಿಸಿ ಒತ್ತಿ ನೋಡಿದಾಗಲೂ ಗಟ್ಟಿ ಎಂದೇ ಬಂದಿತ್ತು. ಅದನ್ನು ನಂಬಿ ಚಾವಣಿಯ ಕಲ್ಲನ್ನು ಹಿಡಿದಿಡಲು ಗಿಡ್ಡ ಬೋಲ್ಟುಗಳನ್ನು ಹೊಡೆದಿದ್ದರು. ನಿಜವಾಗಿ ಅಲ್ಲಿದ್ದದ್ದು ಮೆತ್ತನೆಯ ಜೇಡಿಕಲ್ಲು. ಕಣ್ಣಿಗೆ ಎರಡೂ ಒಂದೇ ಬೂದು ಬಣ್ಣ, ಅದರ ಮೇಲೆ ಬೆಂಕಿ ಹರಡದಂತೆ ಗಣಿಯವರು ಎರಚುವ ಬಿಳಿ ಸುಣ್ಣದ ಪುಡಿ. ಯಾರಿಗೂ ತಿಳಿಯಲಿಲ್ಲ. ಭೂಮಿಯ ಒಳಗು ಹೀಗೇ, ಹತ್ತು ಮಾರು ಸರಿದರೆ ಬೇರೆಯಾಗುತ್ತದೆ ಎಂದು ವಿಚಾರಣೆಯವರು ಬರೆದು ಮುಗಿಸಿದರು. ಯಾರ ತಪ್ಪೂ ಅಲ್ಲ.

ಎಮ್ಲಿನ್ ಅದನ್ನು ಒಪ್ಪಿರಲಿಲ್ಲ.

"ಈ ಜಾಗದ ಪಕ್ಕದಲ್ಲೇ ಹೊಸದಾಗಿ ಕಡಿಯೋಕೆ ಶುರು ಮಾಡ್ತಾರಂತೆ, ಅಲ್ವಾ?" ಎಂದ ತವೀಟಾ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಅವನಿಗೂ ಏನೋ ಹೊಳೆದಿತ್ತು.

"ಮುಂದಿನ ವಾರ," ಎಂದಳು ಡಾನಿಕಾ. "ಅದೇ ಬೋಲ್ಟುಗಳು."

*

ಕಲ್ಲಿನ ಉಗ್ರಾಣ ಊರಾಚೆ, ತಗಡಿನ ದೊಡ್ಡ ಕೊಟ್ಟಿಗೆ. ಸೀಮೆಯಲ್ಲಿ ಕೊರೆದ ಬೋರ್‌ಗಳ ಕಲ್ಲೆಲ್ಲ ಅಲ್ಲಿ ಟ್ರೇಗಳಲ್ಲಿ ಸಾಲಾಗಿ ಮಲಗಿರುತ್ತದೆ. ಚಳಿಗಾಲದ ಬಿಸಿಲು ತಗಡಿನ ಸಂದಿಯಿಂದ ಒಳಗೆ ಬೀಳುತ್ತಿತ್ತು. ಡಾನಿಕಾ ತನ್ನ ಟ್ರೇಯನ್ನು ಮೇಜಿನ ಮೇಲೆ ಇಳಿಸಿಕೊಂಡಳು.

ಕೊರೆಯುವವರ ಪದ್ಧತಿ ಸರಳ. ಕೊಳವೆಯೊಳಗಿನಿಂದ ಒಂದು ಎಳೆತಕ್ಕೆ ಬಂದಷ್ಟು ಕಲ್ಲನ್ನು ಟ್ರೇಯಲ್ಲಿ ಪುಸ್ತಕದ ಸಾಲಿನ ಹಾಗೆ ಇಡಬೇಕು: ಮೇಲಿನದು ಎಡಕ್ಕೆ, ಕೆಳಗಿನದು ಬಲಕ್ಕೆ. ಒಂದು ತುಂಡಿನ ಮೇಲೆ ಬೋರ್‌ನ ತಳ ತೋರಿಸುವ ಬಾಣ ಬರೆಯಬೇಕು. ಆದರೆ ಟ್ರೇಯ ಆಚೆ ಬದಿಗೆ ನಿಂತು ಇಟ್ಟರೆ ಎಡ ಬಲವಾಗುತ್ತದೆ. ಬಿಸಿಲು ಕಣ್ಣಿಗೆ ಹೊಡೆದಾಗ, ಇಂಜಿನ್ನಿನ ಹೊಗೆ ಮುಖಕ್ಕೆ ಬಂದಾಗ, ಹುಡುಗರು ಆಚೆ ಬದಿಗೆ ಹೋಗಿ ನಿಲ್ಲುವುದುಂಟು. ಮರುಕ್ಷಣ ಯಾರೋ ಕೂಗುತ್ತಾರೆ, ಎಲ್ಲ ತೆಗೆದು ಮತ್ತೆ ಇಡುತ್ತಾರೆ. ಒಂದು ಸಲ ಯಾರೂ ಕೂಗಿರಲಿಲ್ಲ. ಎಳೆತದ ಎರಡೂ ತುದಿಗಳು ಪುಡಿಯಾಗಿದ್ದರಿಂದ ಪಕ್ಕದ ಕಲ್ಲಿಗೆ ಕೂಡಿಸಿ ನೋಡುವಂತೆಯೂ ಇರಲಿಲ್ಲ.

ಮನೆಯಲ್ಲಿ ಎಮ್ಲಿನ್ ಜಂಬದಿಂದ ಹೇಳುತ್ತಿದ್ದ ಮಾತೊಂದಿತ್ತು. ರೀಸ್ ಬದುಕಿದ್ದಾಗ ಊಟದ ಮೇಜಿನಲ್ಲಿ ಅಪ್ಪನನ್ನು ಅದೇ ಮಾತಿಗೆ ಕಿಚಾಯಿಸುತ್ತಿದ್ದ. "ನಲವತ್ತು ವರ್ಷ ಕೊರೆದೆ, ಒಂದು ದಿನಾನೂ ಟ್ರೇ ಮುಂದೆ ಬಗ್ಗಲಿಲ್ಲ. ನನ್ನ ಕೈ ಮೆಷಿನ್ ಮೇಲೆ. ಟ್ರೇ ಹುಡುಗರ ಕೆಲಸ."

"ಹೌದಪ್ಪಾ," ಎನ್ನುತ್ತಿದ್ದ ರೀಸ್. "ಬಗ್ಗಿದ್ರೆ ಏಳೋಕಾಗಲ್ಲ ಅಂತ ಎಲ್ಲರಿಗೂ ಗೊತ್ತು."

ಡಾನಿಕಾ ಒಂದೊಂದೇ ತುಂಡನ್ನು ಉರುಳಿಸಿ ನೋಡಿದಳು. ಇದ್ದಲಿನ ಪಕ್ಕದಲ್ಲಿದೆ ಎಂದು ಟ್ರೇ ಹೇಳುತ್ತಿದ್ದ ತುಂಡಿನ ಅಡಿಯಲ್ಲಿ ಬಾಣ ಸಿಕ್ಕಿತು. ಮಾಸಿದ ಹಳದಿ ಬಣ್ಣ, ತುದಿ ಬಲಕ್ಕೆ, ಟ್ರೇ ಹೇಳುವ ತಪ್ಪು ದಿಕ್ಕಿಗೇ. ಬಾಣದ ಹಿಂದೆ ಎರಡು ಸಣ್ಣ ಗೀಟುಗಳು, ಗರಿಗಳ ಹಾಗೆ.

ಅವಳ ಕೈ ಅಲ್ಲೇ ನಿಂತಿತು.

ಇಂಥ ಬಾಣ ಮನೆಯ ಹಿತ್ತಲಿನ ನೀರಿನ ನಲ್ಲಿಯ ಮೇಲಿನ ಗೋಡೆಯಲ್ಲಿತ್ತು, ಯಾವ ಕಡೆ ತಿರುಗಿಸಿದರೆ ನಿಲ್ಲುತ್ತದೆಂದು ತೋರಿಸಲು. ಫ್ಯೂಸಿನ ಪೆಟ್ಟಿಗೆಯೊಳಗೆ ಇತ್ತು. ಮದುವೆಯ ದಿನ ಸಭಾಂಗಣದ ದಾರಿ ತೋರಿಸಲು ಹೆದ್ದಾರಿಯ ಬೇಲಿಗೆ ಕಟ್ಟಿದ್ದ ರಟ್ಟಿನ ಮೇಲೂ ಇತ್ತು. "ಗರಿ ಇಲ್ಲದೆ ಬಾಣ ಹಾರುತ್ತೇನೇ?" ಎನ್ನುತ್ತಿದ್ದ ರೀಸ್. ಎಮ್ಲಿನ್ ಗರಿ ಬರೆಯುವವನಲ್ಲ. ಅವನು ಬರೆಯುತ್ತಿದ್ದದ್ದು ಅವಸರದ ಒಂದು ಗೀಟು, ಅದರ ತುದಿಗೊಂದು ಕೊಕ್ಕೆ.

ಬಿಸಿಲಿನಲ್ಲಿ ಟ್ರೇಯ ಆಚೆ ಬದಿಗೆ ನಿಂತ ಹುಡುಗನನ್ನು ಅವಳು ಕಂಡಳು. ಮನಸ್ಸೆಲ್ಲಿತ್ತೋ ಅವನಿಗೆ. ಶನಿವಾರದ ಫುಟ್‌ಬಾಲಿನಲ್ಲೋ, ಇನ್ನಾವುದೋ ಹುಡುಗಿಯ ಮೇಲೋ. ಕಲ್ಲು ಇಟ್ಟ, ಈಚೆಗೆ ಬಂದು ಟ್ರೇಯ ಲೆಕ್ಕದಲ್ಲೇ ಬಾಣ ಬರೆದ, ಗರಿ ಎಳೆದ, ಎದ್ದು ಹೋದ. ಆ ಬಾಣ ಅವನ ಕಡೆಗೆ ತಿರುಗಿ ಹೊರಟು ತಲುಪಲು ಹದಿನೇಳು ವರ್ಷ ಹಿಡಿಯಿತು. ಜೊತೆಗೆ ಡೆಸ್‌ಗೂ ತಗಲಿತು.

ತುಂಡನ್ನು ಚೀಲಕ್ಕೆ ಹಾಕಿಕೊಂಡಳು. ಅಳತೆಯ ಕೊನೆಯ ಚುಕ್ಕಿ ಅಲ್ಲಿಂದಲೇ ಬರಬೇಕಿತ್ತು; ಯಾರೂ ಕೇಳುವಂತಿರಲಿಲ್ಲ.

ಕಾರಿನಲ್ಲಿ ಕೂತು ಗಣಿಯ ಚಾವಣಿಗೆ ಜವಾಬ್ದಾರನಾದ ಎಂಜಿನಿಯರ್ ಕಿಯೋಗೆ ಫೋನ್ ಮಾಡಿದಳು.

"ಮುಂದಿನ ವಾರದ ಕೆಲಸ ನಿಲ್ಲಿಸಿ," ಎಂದಳು. "ಆ ಬೋರ್‌ನ ಒಂದು ಎಳೆತ ತಲೆಕೆಳಗಾಗಿದೆ. ಇದ್ದಲಿನ ಮೇಲಿರೋದು ಜೇಡಿಕಲ್ಲು. ಎಲ್ಲ ಕಡೆ ಅದೇ ಇರ್ಬೇಕು."

ಕಿಯೋ, "ಹೇಗೆ ಗೊತ್ತು?" ಎಂದ.

"ಇಂಗಾಲದಿಂದ. ಅದಕ್ಕೆ ಮೇಲು ಕೆಳಗು ಗೊತ್ತು."

"ಕೆಲಸ ಇವತ್ತೇ ನಿಲ್ಲಿಸ್ತೀನಿ. ಬರಹದಲ್ಲಿ ಬೇಕು ನನಗೆ." ಆಮೇಲೆ ದನಿ ತಗ್ಗಿಸಿದ. "ಯಾರು ಇಟ್ಟಿದ್ದು ಅಂತಾನೂ ಕೇಳ್ತಾರೆ, ಡಾನಿ. ಮಹೇರ್ ಮನೆಯವರಂತೂ ಕೇಳೇ ಕೇಳ್ತಾರೆ. ಆ ಕೊರೆಯೋ ರಿಗ್ಗಲ್ಲಿ ಇದ್ದಿದ್ದೇ ಇಬ್ಬರು."

"ಗೊತ್ತು," ಎಂದಳು.

*

"ಕಲ್ಲು ಬಾಯಿ ಬಿಡ್ತಾ?"

ಅಡುಗೆಮನೆಯ ಬಾಗಿಲು ತೆರೆದ ಕೂಡಲೆ ಎಮ್ಲಿನ್ ಕೇಳುವ ಮಾತು ಅದು. ಮೂರು ವರ್ಷದಿಂದ, ಅವಳು ಕೆಲಸದಿಂದ ಬಂದಾಗಲೆಲ್ಲ. ರೀಸ್ ಸತ್ತ ಮೇಲೆ ಅವಳು ಬೇರೆ ಮನೆ ಹುಡುಕಿರಲಿಲ್ಲ, ಅವನು ಇರು ಎಂದೂ ಹೇಳಿರಲಿಲ್ಲ. ಹಾಗೇ ಉಳಿದಿದ್ದಳು. ಎಮ್ಲಿನ್‌ನ ಎದೆಯಲ್ಲಿ ಕಲ್ಲಿನ ದೂಳು ತುಂಬಿತ್ತು. ಮೂಗಿಗೆ ಸಿಕ್ಕಿಸಿದ ಕೊಳವೆಯ ಇನ್ನೊಂದು ತುದಿಯಲ್ಲಿ ಆಮ್ಲಜನಕದ ಪೆಟ್ಟಿಗೆ ಹಗಲಿರುಳು ಗುರುಗುಟ್ಟುತ್ತಿತ್ತು.

ಅವಳ ಉತ್ತರವೂ ಗೊತ್ತಿದ್ದದ್ದೇ: "ಇಲ್ಲ ಎಮ್, ಅದೂ ನಿಮ್ಮ ಥರಾನೇ ಮೊಂಡು." ಈ ಸಂಜೆ ಆ ಉತ್ತರ ಬಾಯಿಗೆ ಬರಲಿಲ್ಲ. ಚೀಲವನ್ನು ಕುರ್ಚಿಯ ಪಕ್ಕ ಇಟ್ಟಳು. ಕಲ್ಲು ನೆಲಕ್ಕೆ ತಾಗಿ ಸದ್ದಾಯಿತು.

ಎಮ್ಲಿನ್ ಕೈ ಚಾಚಿ ರೇಡಿಯೊ ಆರಿಸಿದ. "ಬಿಟ್ಟಿದೆ," ಎಂದ. "ಕೂತ್ಕೊ ಮಗಳೇ. ಚಾಪ್ಸ್ ಆರಿಹೋಗುತ್ತೆ."

ಅವಳು ಕೂತಳು. ತಟ್ಟೆಯಲ್ಲಿ ಕುರಿಯ ಚಾಪ್ಸ್, ಹಿಸುಕಿದ ಆಲೂಗಡ್ಡೆ, ಬೇಯಿಸಿದ ಹುರಳಿಕಾಯಿ. ಇಬ್ಬರೂ ಫೋರ್ಕ್ ಎತ್ತಲಿಲ್ಲ. ಅವಳು ಹೇಳಿದಳು. ಇದ್ದಲಿನ ಮೇಲಿನ ಎಳೆತ, ಅದು ಮಗುಚಿಕೊಂಡಿದೆ, ಮೆತ್ತಗಿನದು ಕೆಳಗಿರಬೇಕಿತ್ತು, ಮೇಲಿದೆ.

ಅವನು ತನ್ನ ತಟ್ಟೆಯಿಂದ ಎರಡು ಹುರಳಿಕಾಯಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದು ಎಳೆಯದು, ಒಂದು ಬಲಿತದ್ದು. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವುಗಳ ಜಾಗ ಬದಲಿಸಿದ. ಅವನ ಬೆರಳುಗಳು ದಪ್ಪ, ಉಗುರಿನ ಸುತ್ತ ಎಂದೋ ಸೇರಿಕೊಂಡ ಕಪ್ಪು.

"ಹೂಂ," ಎಂದ. "ಹಾಗಾದ್ರೆ ಬೀಳಲೇಬೇಕು ಚಾವಣಿ. ಯಾವ ಬೋಲ್ಟೂ ಹಿಡಿಯಲ್ಲ."

"ಕಿಯೋಗೆ ಹೇಳಿದೀನಿ. ಹೊಸ ಕೆಲಸ ನಿಲ್ಲಿಸ್ದ."

"ಒಳ್ಳೇದು ಮಾಡ್ದೆ." ಅವನು ಉಸಿರಿಗೆ ಕಾದ. "ಯಾರು ಇಟ್ಟಿದ್ದು ಅಂತ ಹೇಳುತ್ತಾ, ನಿನ್ನ ಇಂಗಾಲ?"

"ಇಲ್ಲ ಎಮ್. ಅದಕ್ಕೆ ಮೇಲು ಕೆಳಗು ಅಷ್ಟೇ ಗೊತ್ತು. ಕೈ ಗೊತ್ತಾಗಲ್ಲ."

ಪೆಟ್ಟಿಗೆ ಗುರುಗುಟ್ಟುತ್ತಿತ್ತು. ಪಕ್ಕದ ಮನೆಯ ನಾಯಿ ಬೇಲಿಯ ಉದ್ದಕ್ಕೂ ಓಡಿ ಬೊಗಳಿತು. ಎಮ್ಲಿನ್ ಆ ಎರಡು ಹುರಳಿಕಾಯಿಗಳನ್ನೇ ನೋಡುತ್ತಿದ್ದ. ಮೂರು ವರ್ಷ ಅವನು ಒಂದು ಹೆಸರಿಗಾಗಿ ಕಾದಿದ್ದ. ಸಿಕ್ಕಿದರೆ ಹೋಗಿ ಅವನ ಮನೆ ಬಾಗಿಲಿಗೆ ನಿಲ್ಲುತ್ತೇನೆ, ಪೆಟ್ಟಿಗೆ ಎಳೆದುಕೊಂಡಾದರೂ ಹೋಗುತ್ತೇನೆ ಎನ್ನುತ್ತಿದ್ದ. ಈಗ ಅವನಿಗೆ ಹೋಗಲು ಬಾಗಿಲೇ ಇರಲಿಲ್ಲ.

"ನಾನೇ ಇಟ್ಟಿದ್ದು," ಎಂದ.

ಡಾನಿಕಾ ಕತ್ತೆತ್ತಿದಳು.

"ಆವತ್ತು ಪಂಪಿನ ಬೆಲ್ಟು ಹರಿದಿತ್ತು. ಹುಡುಗನ್ನ ಕೆಳಗೆ ತೊರೆ ಹತ್ರ ಕಳಿಸಿದ್ದೆ. ಕಲ್ಲು ಮೇಲೆ ಬಂತು, ನಾನೇ ಬಗ್ಗಿ ಜೋಡಿಸ್ದೆ. ಬಿಸಿಲು ಕಣ್ಣಿಗೆ ಹೊಡೀತಿತ್ತು. ಆಚೆ ಬದಿಗೆ ನಿಂತಿದ್ದೆ ಅನ್ಸುತ್ತೆ. ಹೌದು, ಆಚೆ ಬದಿಗೇ."

"ನೀವು ಯಾವತ್ತೂ ಟ್ರೇ ಮುಂದೆ…"

"ಆವತ್ತು ಬಗ್ಗಿದ್ದೆ ಅಂದ್ನಲ್ಲ." ದನಿ ಏರಿತು, ಕೆಮ್ಮು ಬಂತು, ಬಹಳ ಹೊತ್ತು ಹಿಡಿಯಿತು. ಅವಳು ನೀರು ಕೊಟ್ಟಳು. ಅವನು ಲೋಟ ಹಿಡಿದುಕೊಂಡೇ ಹೇಳಿದ: "ಕಿಯೋಗೆ ಹಾಗೇ ಬರಿ. ಪ್ರಾಸರ್ ಅಂತಷ್ಟೇ ಬರೀಬೇಡ. ಎಮ್ಲಿನ್ ಪ್ರಾಸರ್ ಅಂತ ಬರಿ."

"ನೊರೀನ್ ಏನಂತಾಳೆ ಗೊತ್ತಾ ನಿಮಗೆ?"

ನೊರೀನ್ ಡೆಸ್‌ನ ತಾಯಿ. ಮೂರು ವರ್ಷದಿಂದ ಪ್ರತಿ ಭಾನುವಾರ ಗಣಿಗಾರರ ಕ್ಲಬ್ಬಿನಲ್ಲಿ ಎಮ್ಲಿನ್‌ನ ಪಕ್ಕ ಕೂತು ನಿಂಬೆಯ ಸೋಡಾ ಬೆರೆಸಿದ ಬಿಯರ್, ಒಂದು ಶ್ಯಾಂಡಿ, ಕುಡಿಯುತ್ತಿದ್ದಳು. ಮಾತು ಹೆಚ್ಚಿಲ್ಲ. ಊರಿನಲ್ಲಿ ಆ ಇಬ್ಬರಿಗೆ ಮಾತ್ರ ಪರಸ್ಪರ ಏನೂ ವಿವರಿಸಬೇಕಿರಲಿಲ್ಲ.

"ಗೊತ್ತು," ಎಂದ ಎಮ್ಲಿನ್. "ಅವಳು ಉಗೀಲಿ. ನನಗೆ ಉಗೀಲಿ. ಗೋರೀಲಿ ಮಲಗಿರೋನಿಗೆ ಉಗಿದ್ರೆ ಅವನು ಒರೆಸ್ಕೊಳ್ಳೋಕಾಗುತ್ತಾ?"

ಇಷ್ಟು ಹೇಳಿ ಅವನಿಗೇ ಹೆಚ್ಚಾಯಿತು ಅನ್ನಿಸಿರಬೇಕು. ಆಲೂಗಡ್ಡೆಯನ್ನು ಫೋರ್ಕಿನಿಂದ ಕೆದಕಿದ. ಆಮೇಲೆ, ಬೇರೆ ಯಾವುದೋ ವಿಷಯ ಎತ್ತುವವನಂತೆ ಕೇಳಿದ:

"ಅವನು ಬಾಣ ಬರೀತಿದ್ದನಲ್ಲ. ಗರಿ ಇರೋದು. ಆ ಎಳೆತದಲ್ಲಿ ಎಲ್ಲಾದ್ರೂ ಇತ್ತಾ?"

ಚೀಲ ಅವಳ ಕಾಲಿಗೆ ತಾಗಿಕೊಂಡಿತ್ತು. ಅವಳು ಕಾಲನ್ನು ಸರಿಸಲಿಲ್ಲ.

"ನೋಡಲಿಲ್ಲ," ಎಂದಳು.

"ಸರಿ," ಎಂದ ಎಮ್ಲಿನ್. ಚೀಲದ ಕಡೆ ಅವನು ನೋಡಲಿಲ್ಲ. ಅಷ್ಟು ಜಾಗ್ರತೆಯಿಂದ ನೋಡದೆ ಇದ್ದ. "ತಿನ್ನು. ಆರಿಹೋಯ್ತು."

*

ಬೆಳಿಗ್ಗೆ ಅವಳು ಪ್ರಯೋಗಾಲಯದಲ್ಲಿ ಆ ತುಂಡನ್ನು ತೊಳೆಯಲು ಹಿಡಿದಾಗ ಬಾಣ ನೀರಿಗೆ ಹೊಸದರಂತೆ ಹೊಳೆಯಿತು. ಬ್ರಷ್ಷಿನಿಂದ ಉಜ್ಜಬಹುದಿತ್ತು, ಆದರೆ ಆ ಬಣ್ಣ ಕಲ್ಲಿನೊಳಕ್ಕೆ ಇಳಿದಿತ್ತು. ಒಂದು ಮೂಲೆಯಿಂದ ಚಿಟಿಕೆಯಷ್ಟು ಪುಡಿ ಕೊರೆದು ತೆಗೆದು ಉಳಿದದ್ದನ್ನು ಟ್ರೇಗೆ ಮರಳಿಸುವುದು ರೂಢಿ. ಅವಳು ಪುಡಿ ಕೊರೆದು ಯಂತ್ರಕ್ಕೆ ಬೇಕಾದಷ್ಟನ್ನು ಬೇರೆ ತೆಗೆದಿಟ್ಟಳು. ಆಮೇಲೆ ಸುತ್ತಿಗೆಯಿಂದ ಉಳಿದ ಕಲ್ಲನ್ನು ಒಡೆದಳು. ಮೊದಲ ಪೆಟ್ಟಿಗೆ ಬಾಣದ ತಲೆ ಬೇರೆಯಾಯಿತು. ಚೂರುಗಳನ್ನೆಲ್ಲ ಅರೆಯುವ ಉಕ್ಕಿನ ಬಟ್ಟಲಿಗೆ ಸುರಿದು ಮುಚ್ಚಳ ಬಿಗಿದಳು.

ತವೀಟಾ ಬಾಗಿಲಲ್ಲಿ ಕಾಣಿಸಿಕೊಂಡ. "ಇಷ್ಟೊಂದು ಯಾಕೆ? ಬ್ರೆಡ್ ಮಾಡ್ತೀಯಾ?"

"ಇರಲಿ ಅಂತ."

ಅವನು ಬಟ್ಟಲನ್ನು ನೋಡಿದ, ಅವಳ ಮುಖ ನೋಡಿದ. ಅವಳು ಗುಂಡಿ ಒತ್ತಿದಳು. ಬಟ್ಟಲು ಗಡಗಡನೆ ನಡುಗತೊಡಗಿತು. ಆ ಸದ್ದಿನಲ್ಲಿ ಇಬ್ಬರಿಗೂ ಮಾತಾಡಬೇಕಾದ ಕಷ್ಟ ತಪ್ಪಿತು.

ಒಂದು ಕಾಲದಲ್ಲಿ ಅವಳು ರೀಸ್‌ಗೆ ಹೇಳುತ್ತಿದ್ದಳು: ಕಲ್ಲಿಗೆ ಕರುಣೆಯಿಲ್ಲ, ಅದರಿಂದಲೇ ಅದನ್ನು ನಂಬಬಹುದು. ಆಗ ಅವನು, "ಅಂದ್ರೆ ನಮ್ಮಪ್ಪನ್ನ ನಂಬಬಾರದು ಅಂತಾಯ್ತು," ಎಂದು ನಕ್ಕಿದ್ದ. ಆ ನಗೆ ಅವಳಿಗೆ ಈಗ ಸರಿಯಾಗಿ ನೆನಪಾಗಲಿಲ್ಲ. ಮಾತು ಮಾತ್ರ ಉಳಿದಿತ್ತು.

ಮಧ್ಯಾಹ್ನ ಕೊನೆಯ ಚುಕ್ಕಿ ಬಂತು. ಮಗುಚಿದ ಗೆರೆಯ ತುದಿಯಲ್ಲಿ, ಇರಬೇಕಾದ ಕಡೆಯೇ ಕೂತಿತು.

"ಅಮಲು ಇಳೀತು ನೋಡು," ಎಂದ ತವೀಟಾ, ಮೆಲ್ಲಗೆ.

ಅವಳು ವರದಿ ಬರೆದಳು. ಕಲ್ಲು ಏನು ಹೇಳಿತೋ ಅದನ್ನೆಲ್ಲ ಬರೆದಳು. ಕೊನೆಗೆ, ಜೋಡಿಸಿದವರು ಎಂಬ ಕಡೆ, ಎಮ್ಲಿನ್ ಪ್ರಾಸರ್, ಅವರೇ ತಿಳಿಸಿದಂತೆ, ಎಂದು ಬರೆದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

*

ಭಾನುವಾರದ ಹೊತ್ತಿಗೆ ಊರಿಗೆಲ್ಲ ತಿಳಿದಿತ್ತು. ಬೇಡವೆಂದರೂ ಎಮ್ಲಿನ್ ಕ್ಲಬ್ಬಿಗೆ ಹೊರಟ. ಚಕ್ರದ ಗಾಡಿಯಲ್ಲಿ ಆಮ್ಲಜನಕದ ಸಣ್ಣ ಸಿಲಿಂಡರನ್ನು ಡಾನಿಕಾ ಎಳೆದಳು. ಅವರು ಒಳಗೆ ಹೋದಾಗ ಬಾರ್‌ನ ಹತ್ತಿರ ಮಾತು ತಗ್ಗಿತು, ಮತ್ತೆ ಶುರುವಾಯಿತು. ಯಾರೋ "ಎಮ್" ಎಂದರು, ತಲೆಯಾಡಿಸಿದರು, ಬೇರೆ ಕಡೆ ತಿರುಗಿದರು.

ನೊರೀನ್ ಆಗಲೇ ಕೂತಿದ್ದಳು, ಕಿಟಕಿಯ ಪಕ್ಕದ ಅದೇ ಮೇಜಿನಲ್ಲಿ. ಎಮ್ಲಿನ್ ಹೋಗಿ ತನ್ನ ಕುರ್ಚಿಯಲ್ಲಿ ಕೂತ.

"ನೊರೀನ್."

ಅವಳು ಅವನನ್ನು ನೋಡಿದಳು. ಸಣ್ಣ ದೇಹದ ಹೆಂಗಸು. ಭಾನುವಾರಕ್ಕೆಂದೇ ಹಾಕುವ ನೀಲಿ ಕಾರ್ಡಿಗನ್ ಹಾಕಿದ್ದಳು.

"ನಿನ್ನ ಕೈಯಾರೆ," ಎಂದಳು. "ನಿನ್ನ ಮಗನೂ. ನನ್ನ ಮಗನೂ."

"ಹೌದು," ಎಂದ ಎಮ್ಲಿನ್.

"ಇಷ್ಟು ದಿನ ನನ್ನ ಪಕ್ಕದಲ್ಲಿ ಕೂತ್ಕೊಂಡು ಯಾರನ್ನೋ ಬೈತಿದ್ದೆ. ನಾನೂ ಹೂಂಗುಟ್ತಿದ್ದೆ."

"ಹೌದು."

ಅವಳು ಇನ್ನೂ ಏನಾದರೂ ಕೇಳಲೆಂದು ಡಾನಿಕಾ ಕಾದಳು. ಡಾನಿಕಾಳ ಬಾಯೊಳಗೆ ಒಂದು ಹೆಸರು ಬಂದು ನಿಂತಿತ್ತು. ನೊರೀನ್ ತನ್ನ ಕಡೆ ತಿರುಗಿದ್ದರೆ ಅದು ಹೊರಬೀಳುತ್ತಿತ್ತೋ ಏನೋ. ನೊರೀನ್ ತಿರುಗಲಿಲ್ಲ. ಎದ್ದು, ಅರ್ಧ ಉಳಿದಿದ್ದ ಲೋಟವನ್ನು ತೆಗೆದುಕೊಂಡು, ಕೋಣೆಯ ಆಚೆ ತುದಿಯ ಮೇಜಿಗೆ ಹೋಗಿ ಬೆನ್ನು ಮಾಡಿ ಕೂತಳು.

ಎಮ್ಲಿನ್ ಅವಳ ಬೆನ್ನನ್ನೇ ನೋಡುತ್ತಿದ್ದ. ಬಿಯರ್ ಬಂತು. ಒಂದು ಗುಟುಕು ಕುಡಿದು ಕೆಳಗಿಟ್ಟ.

"ಆ ಕಲ್ಲು," ಎಂದ. "ಚೀಲದಲ್ಲಿ ತಂದಿದ್ದೆಯಲ್ಲ. ಎಲ್ಲಿದೆ ಈಗ?"

"ಅರೆದೆ."

"ಪೂರ್ತಿನಾ?"

"ಪೂರ್ತಿ."

ಅವನು ತಲೆಯಾಡಿಸಿದ. ಮೂಗಿನ ಕೊಳವೆಯನ್ನು ಸರಿಮಾಡಿಕೊಂಡ. ಹೊರಗೆ ಇದ್ದಲು ತುಂಬಿದ ರೈಲು ಬಂದರಿನ ಕಡೆಗೆ ಹೊರಟಿತ್ತು, ಬಹಳ ಉದ್ದದ್ದು. ಅದು ಮುಗಿಯುವವರೆಗೂ ಮೇಜಿನ ಮೇಲಿನ ಲೋಟಗಳು ಸಣ್ಣಗೆ ನಡುಗುತ್ತಲೇ ಇದ್ದವು.